ನಾಲ್ಕನೇ ರೂಮಿನ ಜೆರಾಕ್ಸ್

11 ಜುಲೈ 2011, ಸೋಮವಾರ. ಬೆಳಿಗ್ಗೆ 10 ಗಂಟೆ 5 ನಿಮಿಷ. ಪೀಣ್ಯ ಕೈಗಾರಿಕಾ ಪ್ರದೇಶಕ್ಕೆ ಅಂಟಿಕೊಂಡ ನಮ್ಮ ಊರಿನ ಸಮುದಾಯ ಭವನ. ಹಾಜರಿದ್ದವರು: ಕ್ಷೇತ್ರದ ಶಾಸಕರು, ಠಾಣೆಯ ಇನ್‌ಸ್ಪೆಕ್ಟರ್, ಅರ್ಜಿ ಬರೆದುಕೊಳ್ಳುವ ಗುಮಾಸ್ತರು, ನನ್ನ ನಾಲ್ಕನೇ ರೂಮಿನಲ್ಲಿ ಬಾಡಿಗೆಗಿದ್ದ ಹೆಣ್ಣುಮಗಳು ಮತ್ತು ನಾನು. ಉಳಿದಂತೆ ಚರಂಡಿ, ಬೀದಿ ದೀಪ, ರೇಷನ್ ಕಾರ್ಡಿನ ದೂರು ಹಿಡಿದು ಬಂದ ಊರ ಜನ. ಜನಸಂಪರ್ಕ ಸಭೆ ಹತ್ತಕ್ಕೆ ಎಂದು ಕರಪತ್ರದಲ್ಲಿತ್ತು. ಐದು ನಿಮಿಷ ತಡವಾಗಿ ಶುರುವಾಯಿತು.

ಹಾಜರಿ ಬರೆಯದೆ ನಾನು ಯಾವುದನ್ನೂ ಆರಂಭಿಸುವವನಲ್ಲ. ಇದೇ ಪೀಣ್ಯದ ಒಂದು ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಮೂವತ್ತೊಂದು ವರ್ಷ ಕೂತಿದ್ದೆ. ಗೇಟಿನ ಪಕ್ಕದ ಗಡಿಯಾರದ ಪೆಟ್ಟಿಗೆಗೆ ಕಾರ್ಮಿಕರು ಕಾರ್ಡು ತೂರಿಸಿ ಹೊಡೆಯುವಾಗ, ಯಾರ ಕಾರ್ಡನ್ನು ಯಾರ ಕೈ ಹೊಡೆಯುತ್ತಿದೆ ಎಂದು ಗಮನಿಸುವುದು ನನ್ನ ಕೆಲಸ. ಬಾರದ ಗೆಳೆಯನ ಕಾರ್ಡನ್ನೂ ತಮ್ಮದರ ಜೊತೆ ಹೊಡೆದುಬಿಡುವವರು ಯಾವ ಕಾಲದಲ್ಲೂ ಇದ್ದರು. ನಾನು ತಲೆಯೆತ್ತಿ ನೋಡಬೇಕಾಗಿಯೂ ಇರಲಿಲ್ಲ. ಎರಡು ಸದ್ದಿನ ನಡುವಿನ ಅಂತರದಲ್ಲೇ ಒಂದೇ ಕೈ ಎರಡು ಸಲ ಹೊಡೆಯಿತೆಂದು ತಿಳಿಯುತ್ತಿತ್ತು. ಒಬ್ಬನ ಹೆಸರಿನಲ್ಲಿ ಇನ್ನೊಬ್ಬ ನಿಲ್ಲುವುದನ್ನು ಹಿಡಿಯುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಹೆಮ್ಮೆ ನನಗಿತ್ತು.

ನಿವೃತ್ತಿಯಾದ ಮೇಲೆ ನಮ್ಮ ಹಳೆಯ ರಾಗಿ ಕಣ ಇದ್ದ ಜಾಗದಲ್ಲಿ ಆರು ರೂಮು ಕಟ್ಟಿಸಿದೆ. ಬಂದವರೆಲ್ಲ ಕೊಪ್ಪಳ, ರಾಯಚೂರು, ಗದಗದ ಕಡೆಯವರು. ಟೈಮ್ ಆಫೀಸಿನ ಶಿಸ್ತನ್ನೇ ಇಲ್ಲಿಗೂ ತಂದೆ. ರೂಮು ಸೇರುವವರು ಮತದಾರರ ಗುರುತಿನ ಚೀಟಿಯ ಜೆರಾಕ್ಸ್ ಕೊಡಬೇಕು, ಅದರ ಕೆಳಗೆ ಸಹಿ ಹಾಕಬೇಕು. ನಾನು ಬಲಮೂಲೆಯಲ್ಲಿ ರೂಮಿನ ಸಂಖ್ಯೆ ಬರೆದು, ಸುತ್ತ ಒಂದು ಸೊನ್ನೆ ಎಳೆದು, ಕೆಳಗೆ ಗೆರೆ ಹಾಕುತ್ತಿದ್ದೆ. ಇಷ್ಟಾದ ಮೇಲೆಯೇ ಅದನ್ನು ಪಕ್ಕದ ಬೀದಿಯ ಜೆರಾಕ್ಸ್ ಅಂಗಡಿಗೆ ಒಯ್ದು ಇನ್ನೆರಡು ಪ್ರತಿ ಮಾಡಿಸುತ್ತಿದ್ದೆ. ಒಂದು ಠಾಣೆಗೆ, ಒಂದು ಫೈಲಿಗೆ, ಒಂದು ಇರಲಿ ಎಂದು. ಮೊದಲೇ ಸಹಿ, ಮೊದಲೇ ಸಂಖ್ಯೆ ಇದ್ದರೆ ಮೂರು ಸಲ ಬರೆಯುವ, ಬರೆಸುವ ಕೆಲಸ ಉಳಿಯುತ್ತದೆಂಬುದು ನನ್ನ ಲೆಕ್ಕ.

ನಾಲ್ಕನೇ ರೂಮಿನವಳು ಕೊಪ್ಪಳದ ಕಡೆಯವಳು, ಮೂವತ್ತರ ಆಸುಪಾಸು. ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುತ್ತಿದ್ದಳು. ಗಂಡ ಅತ್ತಿಬೆಲೆಯ ಕಡೆ ಕಟ್ಟಡದ ಕೆಲಸ, ಭಾನುವಾರ ಮಾತ್ರ ಬರುತ್ತಿದ್ದ. ಬೆಳಿಗ್ಗೆ 8.20ಕ್ಕೆ ಆಕೆಯ ಬಾಗಿಲ ಚಿಲಕದ ಸದ್ದು ಕೇಳಿ ನಾನು ಗಡಿಯಾರದ ಮುಳ್ಳು ಸರಿಮಾಡಿಕೊಳ್ಳಬಹುದಿತ್ತು. ಅಂಥವಳು ಜೂನ್ ತಿಂಗಳ ಒಂದು ಸೋಮವಾರ ಒಂಬತ್ತಾದರೂ ಅಂಗಳದಲ್ಲೇ ನಿಂತಿದ್ದಳು.

"ಯಾಕಮ್ಮ, ಇವತ್ತು ಕೆಲಸಕ್ಕೆ ಹೋಗಲಿಲ್ವಾ?"

"ಮಾಲಕ್ರ, ಸ್ಟೇಷನ್ನಿಗೆ ಬಾ ಅಂದಾರ್ರೀ. ನನ್ನ ಹೆಸರಿನ್ಯಾಗ ಯಾವುದೋ ಫೋನ್ ನಂಬರ್ ಐತೆಂತ. ಆ ನಂಬರಿನಿಂದ ಯಾವುದೋ ಹುಡುಗಿಗೆ ಹೊಲಸು ಹೊಲಸು ಮಾತಾಡ್ಯಾರಂತ. ನನ್ಹತ್ರ ಇರೂದು ಒಂದ ಫೋನ್ರೀ, ಅದೂ ನನ್ನ ಗಂಡನ ಹೆಸರಿನ್ಯಾಗ ಐತಿ."

ಸಂಗತಿ ಇಷ್ಟು. ಮಾರತ್ತಹಳ್ಳಿಯ ಪಿಜಿಯಲ್ಲಿದ್ದ ಒಬ್ಬ ಹುಡುಗಿಗೆ ಯಾರೋ ಫೋನಿನಲ್ಲಿ ಕಾಟ ಕೊಟ್ಟಿದ್ದರು. ಸಿಮ್ ಯಾರದೆಂದು ಹುಡುಕಿದರೆ ನಮ್ಮ ಈಕೆಯ ಹೆಸರು, ನಮ್ಮ ಊರು. ಪೊಲೀಸರು ಕೇಳಿದ್ದು ಒಂದೇ ಪ್ರಶ್ನೆ: ಸಿಮ್ ತೆಗೆದುಕೊಂಡು ಯಾರಿಗೆ ಕೊಟ್ಟೆ, ಗಂಡನಿಗಾ, ಗಂಡನ ಗೆಳೆಯರಿಗಾ? ಪ್ರತಿ ಸೋಮವಾರ ಬಂದು ಹೋಗಬೇಕೆಂದರು. ಎರಡನೇ ಸೋಮವಾರವೂ ಹೋಯಿತು. ಕಾರ್ಖಾನೆಯ ಸೂಪರ್‌ವೈಸರ್ ಖಡಾಖಂಡಿತವಾಗಿ ಹೇಳಿದ, ನಾಲ್ಕನೇ ಸೋಮವಾರವೂ ಆಕೆಯ ಮಿಷನ್ ಖಾಲಿ ಇದ್ದರೆ ಮಂಗಳವಾರ ಆ ಜಾಗದಲ್ಲಿ ಬೇರೆಯವರು ಕೂರುತ್ತಾರೆಂದು. ಗಂಡನೂ ಫೋನಿನಲ್ಲಿ ಕೂಗಾಡಿದನಂತೆ. ಕೆಲಸ ಹೋದರೆ ಹೋಗಲಿ ಮಾಲಕ್ರ, ಊರಾಗ ಏನಂತ ಹೇಳ್ಲಿ ಎಂದು ಅವಳು ಕೇಳಿದಾಗ ನನ್ನ ಹೆಂಡತಿ ಅವಳನ್ನು ಅಡುಗೆಮನೆಗೆ ಕರೆದೊಯ್ದು ಕೂರಿಸಿದಳು. ಆಮೇಲೆ ಹೊರಗೆ ಬಂದು ನನ್ನ ಮುಂದೆ ನಿಂತಳು.

"ಊರೋರ ಕಾರ್ಡೆಲ್ಲ ನೋಡ್ದೋರು ನೀವು. ಇವಳ ಜೊತೆ ಒಂದ್ಸಲ ಓಗಿ ಬರಾಕೇನು? ಇಂಗೆ ಪೇಪರ್ ಇಡ್ಕೊಂಡು ಕುಂತ್ರೆ ಆಯ್ತದಾ?"

ಮೂರನೇ ಸೋಮವಾರ, ಜುಲೈ ನಾಲ್ಕರಂದು ನಾನೂ ಹೋದೆ. ಆಕೆಯ ಹಾಜರಿ ಕಾರ್ಡಿನ ಪ್ರತಿಯನ್ನು ಮಡಚದೆ ಒಯ್ದಿದ್ದೆ. ಸಿಮ್ ಅರ್ಜಿಯ ಮೇಲಿದ್ದ ಮೊಹರು ಮಾರತ್ತಹಳ್ಳಿಯ ಅಂಗಡಿಯದೆಂದೂ ಅರ್ಜಿಯ ತಾರೀಖು ಯಾವುದೆಂದೂ ಪೊಲೀಸರು ಅವಳಿಗೆ ಮೊದಲೇ ಹೇಳಿದ್ದರು. ಅರ್ಜಿಯ ದಿನ ಈಕೆ ಕಾರ್ಖಾನೆಯಿಂದ ಹೊರಬಿದ್ದದ್ದು ಸಂಜೆ 6.32ಕ್ಕೆ.

"ಪೀಣ್ಯದಿಂದ ಮಾರತ್ತಹಳ್ಳಿಗೆ ಆ ಹೊತ್ತಿನಲ್ಲಿ ಬಸ್ಸು ಎಷ್ಟು ತಗೊಳ್ಳುತ್ತೆ ಅಂತ ತಮಗೇ ಗೊತ್ತು" ಎಂದೆ.

ಇನ್‌ಸ್ಪೆಕ್ಟರ್ ಕೆಟ್ಟ ಮನುಷ್ಯರಲ್ಲ. ನನ್ನನ್ನು ಕೂರಿಸಿ ಟೀ ತರಿಸಿದರು. "ಯಜಮಾನ್ರೇ, ಭಾನುವಾರ ಹೋಗಿ ತಗೊಂಡಿರ್ಬೋದಲ್ವಾ? ಅಂಗಡಿಯೋರು ಡೇಟ್ ಆಮೇಲೆ ಹಾಕ್ತಾರೆ. ಇದೊಂದರಿಂದ ಬಿಡಕ್ಕಾಗಲ್ಲ."

"ಮಾರತ್ತಹಳ್ಳಿ ಯಾವ ದಿಕ್ಕಿಗೈತಿ ಅನ್ನೂದ ಗೊತ್ತಿಲ್ರೀ ಸಾಹೇಬ್ರ ನನಗ" ಎಂದಳು ಅವಳು.

"ನೋಡಿ, ಸಹಿ ಇವರದ್ದೇ. ಕಾರ್ಡಿನ ಜೆರಾಕ್ಸೂ ಇವರದ್ದೇ" ಎಂದು ಅವರು ಅರ್ಜಿಯ ಪ್ರತಿಯನ್ನು ನನ್ನ ಕಡೆ ತಿರುಗಿಸಿದರು.

ಸಹಿ ಅವಳದರಂತೆಯೇ ಇತ್ತು. ಫೋಟೋ ಜಾಗದಲ್ಲಿ ಗುರುತಿನ ಚೀಟಿಯ ಮುಖವನ್ನೇ ದೊಡ್ಡದು ಮಾಡಿ ಅಂಟಿಸಿದ್ದರು. ಜೊತೆಗೆ ಲಗತ್ತಿಸಿದ್ದ ಜೆರಾಕ್ಸನ್ನು ನಾನು ಕನ್ನಡಕ ಸರಿಮಾಡಿಕೊಂಡು ನೋಡಿದೆ. ಬಲಮೂಲೆಯಲ್ಲಿ ಮಸುಕಾಗಿ ಒಂದು ನಾಲ್ಕು. ಅದರ ಸುತ್ತ ಸೊನ್ನೆ. ಕೆಳಗೆ ಗೆರೆ.

ಅದು ನನ್ನ ಕೈಬರಹ.

ಬೇರೆ ಯಾರಿಗೂ ಅದು ಅರ್ಥವಾಗುವ ಗುರುತಲ್ಲ. ಇನ್‌ಸ್ಪೆಕ್ಟರಿಗೆ ಅದೊಂದು ಗೀಚು, ಅವಳು ಅದನ್ನು ನೋಡಲೇ ಇಲ್ಲ. ನಾನು ಟೀ ಕುಡಿದು, ಲೋಟ ಕೆಳಗಿಟ್ಟು, ಏನೂ ಹೇಳದೆ ಎದ್ದು ಬಂದೆ. ಮೂವತ್ತೊಂದು ವರ್ಷ ಬೇರೆಯವರ ಕೈ ಹಿಡಿದವನು ಆ ದಿನ ನನ್ನ ಕೈಯನ್ನು ಜೇಬಿನಲ್ಲಿಟ್ಟುಕೊಂಡು ನಡೆದೆ.

ದಾರಿಯಲ್ಲಿ ಎಲ್ಲವೂ ಒಂದೊಂದಾಗಿ ನೆನಪಾಯಿತು. ಜೆರಾಕ್ಸ್ ಅಂಗಡಿಯವನು ಪ್ರತಿ ಸಲವೂ ಒಂದು ಹಾಳೆಯನ್ನು ಮೇಲೆತ್ತಿ, "ಸಾರ್, ಇದು ಕಪ್ಪಾಗಿ ಬಂತು, ಇನ್ನೊಂದು ತೆಗೀತೀನಿ" ಎಂದು ಮೇಜಿನ ಕೆಳಗಿನ ಡಬ್ಬಕ್ಕೆ ಹಾಕುತ್ತಿದ್ದ. ಮೂರು ಪ್ರತಿ ಕೈಗೆ ಬಂದರೆ ನನ್ನ ಲೆಕ್ಕ ಸರಿಹೋಗುತ್ತಿತ್ತು. ನಾಲ್ಕನೆಯದು ಎಲ್ಲಿಗೆ ಹೋಯಿತೆಂದು ನಾನು ಒಂದು ದಿನವೂ ಕೇಳಿರಲಿಲ್ಲ. ಅದೇ ಅಂಗಡಿಯಲ್ಲಿ ಸಿಮ್ ಕಾರ್ಡೂ ಮಾರುತ್ತಿದ್ದರು. ಅವಳ ಸಹಿಯನ್ನು ನೋಡಿ ಬರೆಯಲು ಬೇಕಾದ ಮಾದರಿಯನ್ನು ನಾನೇ ಕೆಳಗೆ ಹಾಕಿಸಿ ಕೊಟ್ಟಿದ್ದೆ.

ಹೆಂಡತಿಗೆ ಹೇಳಿದೆ. ಅವಳು ಸೊಪ್ಪು ಬಿಡಿಸುತ್ತಿದ್ದಳು, ಕೈ ನಿಲ್ಲಿಸಲಿಲ್ಲ.

"ಅಂಗಾದ್ರೆ ಕಳ್ಳಂಗೆ ಮನೆ ಬಾಗ್ಲು ತೆಗ್ದು ಕೊಟ್ಟೋರು ನೀವೇ ಅನ್ನಿ."

"ನಾನೇ."

"ಎಲ್ಲಿ ಏಳ್ತೀರಾ?"

"ಠಾಣೆಯಲ್ಲಿ ಹೇಳಬಹುದು."

"ಟೇಸನ್ನಾಗೆ ಏಳಿದ್ರೆ ಅಲ್ಲೇ ಮುಗೀತದೆ. ಆ ಮಗಳ ಎಸರು ಊರೆಲ್ಲ ಕೆಟ್ಟೈತೆ, ಊರ ಮುಂದೇನೇ ಏಳಿ. ಸೋಮ್ವಾರ ಎಮ್ಮೆಲ್ಲೆ ಬತ್ತಾರಂತೆ, ಇನ್‌ಸ್ಪೆಕ್ಟ್ರೂ ಬತ್ತಾರೆ."

ಆ ವಾರ ನಾನು ಕೂತು ಓದಿದೆ. ಬೇರೆಯವರ ಗುರುತನ್ನು ಮೋಸದಿಂದ ಬಳಸುವುದಕ್ಕೆ ಕೇಂದ್ರದ ಕಾನೂನಿನಲ್ಲಿ ಆಗಲೇ ಶಿಕ್ಷೆ ಇತ್ತು. ಆದರೆ ಆ ಗುರುತು ಕೈಯಿಂದ ಕೈಗೆ ಸಾಗಿ ಬರುವ ದಾರಿಯನ್ನು ಕಾಯುವವರು ನನಗೆ ಎಲ್ಲೂ ಕಾಣಲಿಲ್ಲ. ಶನಿವಾರ ಎರಡು ಫುಲ್‌ಸ್ಕೇಪ್ ಹಾಳೆಯಲ್ಲಿ ರಾಜ್ಯ ಸರ್ಕಾರಕ್ಕೆ ಅರ್ಜಿ ಬರೆದೆ. ಇನ್ನೊಬ್ಬರ ಗುರುತಿನ ಪ್ರತಿ ಇಟ್ಟುಕೊಳ್ಳುವ ಅಂಗಡಿಯವರು, ಗುತ್ತಿಗೆದಾರರು, ಮನೆ ಮಾಲೀಕರು ಅದಕ್ಕೆ ಹೊಣೆಯಾಗಬೇಕು. ಯಾವ ಕೆಲಸಕ್ಕೆ ಕೊಟ್ಟದ್ದೆಂದು ಪ್ರತಿಯ ಮೇಲೆ ಅಡ್ಡಗೆರೆ ಎಳೆದು ಬರೆಯಬೇಕು. ಹೆಸರು ಕಳೆದುಕೊಂಡವರಿಗೆ ಅದೇ ದಿನ ಠಾಣೆಯಿಂದ ಕನ್ನಡದಲ್ಲಿ ಒಂದು ಪತ್ರ ಸಿಗಬೇಕು, ಕೆಲಸದ ಜಾಗದಲ್ಲಿ ತೋರಿಸಲು. ಇದಕ್ಕೆ ನಿಯಮ ಮಾಡಿ, ತಪ್ಪಿದವರಿಗೆ ದಂಡ ಇಡಿ ಎಂದು ಕೇಳಿದ್ದೆ.

ಸೋಮವಾರ ನಮ್ಮ ಸರದಿ ಬಂದಾಗ 10.50. ಅವಳು ನನ್ನ ಹಿಂದೆ ಸೆರಗು ಬಿಗಿಹಿಡಿದು ನಿಂತಿದ್ದಳು. ಜನ ಪಿಸುಗುಡುತ್ತಿದ್ದರು. "ಅವ್ಳೇ ಕಣೋ, ಸ್ಟೇಷನ್ ಕೇಸು" ಎಂದು ಯಾರೋ ಅಂದದ್ದು ನನಗೆ ಕೇಳಿಸಿತು, ಅವಳಿಗೂ ಕೇಳಿಸಿತು.

ನಾನು ಮೈಕು ಹಿಡಿಯಲಿಲ್ಲ. ನನ್ನ ಧ್ವನಿ ಶಿಫ್ಟಿನ ಸೈರನ್ನಿನ ಎದುರು ಪಳಗಿದ್ದು.

"ಈಯಮ್ಮನ ಹೆಸರಿನಲ್ಲಿ ಯಾರೋ ಸಿಮ್ ತಗೊಂಡಿದ್ದಾರೆ. ಅದಕ್ಕೆ ಹಾಕಿರುವ ಜೆರಾಕ್ಸ್ ಈಕೆ ಕೊಟ್ಟದ್ದಲ್ಲ. ಅದು ನನ್ನ ಫೈಲಿನದು. ಮೂಲೆಯಲ್ಲಿರುವ ನಾಲ್ಕು ನಾನು ಬರೆದದ್ದು. ಬರೆದ ಮೇಲೆ ಆ ಹಾಳೆ ಒಂದು ದಿನವೂ ಈಕೆಯ ಕೈಗೆ ಹೋಗಿಲ್ಲ, ನನ್ನ ಕೈಯಿಂದ ನೇರ ಜೆರಾಕ್ಸ್ ಅಂಗಡಿಗೆ ಹೋಗಿದೆ. ತಪ್ಪು ನನ್ನದು."

ಇನ್‌ಸ್ಪೆಕ್ಟರ್ ಕಡತ ತೆಗೆದರು. ನಾನು ಉಳಿದ ಐದು ರೂಮುಗಳ ಪ್ರತಿಗಳನ್ನು ಅವರ ಮುಂದೆ ಸಾಲಾಗಿ ಜೋಡಿಸಿದೆ. ಒಂದು, ಎರಡು, ಮೂರು, ಐದು, ಆರು. ಎಲ್ಲಕ್ಕೂ ಸೊನ್ನೆ, ಎಲ್ಲಕ್ಕೂ ಗೆರೆ. ಅವರು ಸಿಮ್ ಅರ್ಜಿಯ ಜೆರಾಕ್ಸನ್ನು ಮೂರಕ್ಕೂ ಐದಕ್ಕೂ ನಡುವೆ ಇಟ್ಟು ನೋಡಿದರು. ಸಾಲು ತುಂಬಿತು.

"ಹೋದ ವಾರಾನೇ ಹೇಳ್ಬೋದಿತ್ತಲ್ಲ ಯಜಮಾನ್ರೇ?"

"ಹೇಳಬಹುದಿತ್ತು. ಧೈರ್ಯ ಬರಲಿಲ್ಲ."

ಅವರು ಬಾಗಿಲಲ್ಲಿದ್ದ ಸಬ್‌ಇನ್‌ಸ್ಪೆಕ್ಟರನ್ನು ಕರೆದು ಕಿವಿಯಲ್ಲಿ ಏನೋ ಹೇಳಿದರು. ಜೀಪು ಹೊರಟ ಸದ್ದು ಕೇಳಿತು. ಆಗ 11.04.

ಶಾಸಕರು ನನ್ನ ಅರ್ಜಿ ಓದುತ್ತಿದ್ದರು. ನಡುವೆ ನಕ್ಕರು. "ಏನ್ ಸಾರ್ ಇದು, ಮನೆ ಮಾಲೀಕರಿಗೂ ದಂಡ ಹಾಕಿ ಅಂತ ಬರ್ದಿದೀರಾ? ನಿಮ್ಗೆ ನೀವೇ ಶಿಕ್ಷೆ ಕೇಳ್ತಿದೀರಲ್ಲ!"

"ಬಳಸಿದವನಿಗೆ ಶಿಕ್ಷೆ ಇದೆ. ಬೇಕಾಬಿಟ್ಟಿ ಬಿಟ್ಟುಬಂದವನಿಗೆ ಏನೂ ಇಲ್ಲ. ಮೊದಲ ರಸೀದಿ ನನ್ನ ಹೆಸರಿಗೇ ಹರಿಯಲಿ."

"ನಮ್ಮ ಊರಲ್ಲಿ ರೂಮು ಕಟ್ಸದೇ ಇರೋರು ಯಾರಿದಾರೆ ಗುರು? ಎಲ್ರಿಗೂ ಹಾಕ್ಸಿಬಿಡ್ತಾರೆ ಈಯಪ್ಪ" ಎಂದು ಹಿಂದಿನ ಸಾಲಿನಿಂದ ಒಬ್ಬ ಕೂಗಿದ. ಜನ ನಕ್ಕರು. ಅಷ್ಟರಲ್ಲಿ ರೇಷನ್ ಕಾರ್ಡಿಗೆಂದು ಬಂದಿದ್ದ ಒಬ್ಬ ಹೆಂಗಸು ಎದ್ದು ನಿಂತಳು.

"ನಗ್ಬೇಡ್ರೋ! ನಾನೂ ಅವ್ನ ಅಂಗ್ಡೀಲೇ ಜೆರಾಕ್ಸ್ ಮಾಡ್ಸಿದ್ದು. ನಂದೂ ಒಂದು ಕಪ್ಪಾಗಿ ಬಂತು ಅಂದಿದ್ದ ಕಣಣ್ಣಾ!"

ನಗು ನಿಂತಿತು. "ನಂಗೂ ಅಂಗೇ ಅಂದಿದ್ದ" ಎಂದ ಇನ್ನೊಬ್ಬ. ಆಮೇಲೆ ಒಬ್ಬೊಬ್ಬರಾಗಿ ತಮ್ಮ ಚೀಲ, ಪ್ಲಾಸ್ಟಿಕ್ ಕವರು ತೆರೆದು ನೋಡಿಕೊಳ್ಳತೊಡಗಿದರು. ಎಲ್ಲರ ಬಳಿಯೂ ಸಹಿ ಹಾಕಿ ತಯಾರಾಗಿಟ್ಟ ಪ್ರತಿಗಳಿದ್ದವು. ಯಾವ ಕಚೇರಿಯವರು ಯಾವಾಗ ಕೇಳುತ್ತಾರೋ ಎಂದು ಎರಡು ಹೆಚ್ಚಾಗಿಯೇ ಇಟ್ಟುಕೊಂಡು ಓಡಾಡುವುದು ನಮ್ಮ ಕಡೆಯ ರೂಢಿ. ಚರಂಡಿಯ ದೂರು ಅಲ್ಲೇ ಉಳಿಯಿತು. ನನ್ನ ಅರ್ಜಿಗೆ ಸಹಿ ಹಾಕಲು ಸಾಲು ನಿಂತಿತು.

ಸಾಲು ಕಂಡ ಕೂಡಲೇ ನಾನು ಟೈಮ್ ಆಫೀಸಿನವನಾದೆ. ಮೇಜಿನ ಪಕ್ಕ ಕುರ್ಚಿ ಎಳೆದುಕೊಂಡು ಕೂತೆ. ರೇಷನ್ ಕಾರ್ಡಿನ ಹೆಂಗಸು ತನ್ನ ಸಹಿ ಹಾಕಿ ಪೆನ್ನು ಬಿಡಲಿಲ್ಲ.

"ಅಣ್ಣಾ, ನಮ್ಮೆಜಮಾನ್ರು ಫ್ಯಾಕ್ಟ್ರೀಲವ್ರೆ. ಅವರ್ದೂ ನಾನೇ ಆಕ್ಬಿಡ್ಲಾ?"

"ಬೇಡಮ್ಮ. ಅವರು ಶಿಫ್ಟು ಮುಗಿಸಿ ಬಂದು ಅವರೇ ಹಾಕಲಿ."

"ಗಂಡಂದು ನಾನಾಕುದ್ರೆ ಏನು?"

"ಈ ಅರ್ಜಿ ಅದಕ್ಕೇ ಅಲ್ವೇನಮ್ಮ ಬರೆದದ್ದು!"

ಶಾಸಕರು ಜೋರಾಗಿ ನಕ್ಕರು. ನನ್ನ ಹಿಂದೆ ನಿಂತಿದ್ದವಳೂ ನಕ್ಕಳು. ಮೂರು ವಾರದಿಂದ ಅವಳ ಮುಖದಲ್ಲಿ ನಗು ಕಂಡಿರಲಿಲ್ಲ.

12.20ಕ್ಕೆ ಜೀಪು ವಾಪಸು ಬಂತು. ಸಬ್‌ಇನ್‌ಸ್ಪೆಕ್ಟರ್ ಒಂದು ಬಿಸ್ಕತ್ತಿನ ರಟ್ಟಿನ ಡಬ್ಬವನ್ನು ಎರಡೂ ಕೈಯಲ್ಲಿ ಹಿಡಿದು ತಂದರು. ತುಂಬ ಜೆರಾಕ್ಸ್ ಹಾಳೆಗಳು. ಯಾವುದೂ ಕಪ್ಪಾಗಿರಲಿಲ್ಲ. ರಬ್ಬರ್ ಬ್ಯಾಂಡು ಹಾಕಿದ ಒಂದು ಕಟ್ಟಿನಲ್ಲಿ ನನ್ನ ಗುರುತಿನ ಒಂದು, ಎರಡು, ಮೂರು, ಐದು, ಆರು ಇದ್ದವು. ನಾಲ್ಕು ಮಾತ್ರ ಇರಲಿಲ್ಲ. ಅದು ಕೆಲಸಕ್ಕೆ ಹೋಗಿಯಾಗಿತ್ತು. ಮಾರತ್ತಹಳ್ಳಿಯಿಂದ ಪ್ರತಿ ಗುರುವಾರ ಒಬ್ಬ ಏಜೆಂಟು ಬಂದು ಹಾಳೆಗಳನ್ನು ಆರಿಸಿ ಒಯ್ಯುತ್ತಾನೆಂದು ಅಂಗಡಿಯವನು ನಿಂತಲ್ಲೇ ಒಪ್ಪಿಕೊಂಡಿದ್ದನಂತೆ.

ಇನ್‌ಸ್ಪೆಕ್ಟರ್ ಎದ್ದು ನಿಂತರು. ಅವರು ಅವಳನ್ನು ಕರೆದ ರೀತಿಯೇ ಬದಲಾಗಿತ್ತು. "ಬನ್ನಿ ಅಮ್ಮ. ಇನ್ಮೇಲೆ ನೀವು ಈ ಕೇಸಲ್ಲಿ ದೂರು ಕೊಟ್ಟೋರು. ಸೋಮವಾರ ಸೋಮವಾರ ಬರೋದು ಬೇಡ. ಬೇಕಾದ್ರೆ ನಾವೇ ನಿಮ್ಮ ಮನೆಗೆ ಬರ್ತೀವಿ."

"ಬರ್ರೀ ಸಾಹೇಬ್ರ" ಎಂದಳು ಅವಳು. "ರೊಟ್ಟಿ ಮಾಡಿ ಹಾಕ್ತೀನಿ. ಆದ್ರ ಭಾನುವಾರ ಬರ್ರೀ, ನನ್ನ ಗಂಡನೂ ಇರ್ತಾನ. ಅವನ ಮುಂದನೂ ಒಂದ್ಸಲ ಹೇಳಿ ಹೋಗ್ರಿ."

ಭವನದ ತುಂಬ ಚಪ್ಪಾಳೆ. ಬೆಳಿಗ್ಗೆ ಪಿಸುಗುಟ್ಟಿದವನೂ ತಟ್ಟಿದ್ದನ್ನು ನಾನು ನೋಡಿದೆ, ಹಾಜರಿಗೆ ಸೇರಿಸಿಕೊಂಡೆ.

ಶಾಸಕರು ನನ್ನ ಅರ್ಜಿಯ ಮೇಲೆ ಕಾನೂನು ಇಲಾಖೆಗೆ ಕಳಿಸಬೇಕೆಂದು ಬರೆದು ಮೊಹರು ಹಾಕಿಸಿದರು. ಆ ಇಲಾಖೆಯಿಂದ ಮುಂದೆ ಒಂದು ಸ್ವೀಕೃತಿ ಪತ್ರ ಬಂತು, ಅದನ್ನು ಫೈಲಿನಲ್ಲಿ ಇಟ್ಟಿದ್ದೇನೆ. ಉತ್ತರ ಬಾರದಿದ್ದಾಗ ನೆನಪೋಲೆ ಬರೆದಿದ್ದೇನೆ, ಅವುಗಳ ಪ್ರತಿಯೂ ಇದೆ. ವಿಧಾನಸೌಧದ ಯಾವ ಕಾಗದದಲ್ಲಿ ನನ್ನ ಎರಡು ಹಾಳೆಯ ಎಷ್ಟು ಮಾತು ಸೇರಿತೋ ಗೊತ್ತಿಲ್ಲ. ನಮ್ಮ ಊರಿನ ಮಟ್ಟಿಗಂತೂ ಆ ಮಧ್ಯಾಹ್ನವೇ ಅದು ಜಾರಿಗೆ ಬಂತು. ಊಟದ ಹೊತ್ತಿಗೆ ಉಳಿದ ಎರಡು ಜೆರಾಕ್ಸ್ ಅಂಗಡಿಯವರು ಕಸದ ಡಬ್ಬವನ್ನು ಮೇಜಿನ ಕೆಳಗಿನಿಂದ ತೆಗೆದು ಗಿರಾಕಿಗಳಿಗೆ ಕಾಣುವಂತೆ ಮುಂದೆ ಇಟ್ಟರು. ಹಾಳಾದ ಹಾಳೆಯನ್ನು ಗಿರಾಕಿಯ ಕೈಗೇ ಕೊಟ್ಟು ಹರಿಸಬೇಕೆಂದು ಮಾತಾಯಿತು.

ಠಾಣೆಯ ಪತ್ರ ಕೈಗೆ ಬಂದಾಗ 3.10. ಒಂದೇ ಪ್ಯಾರಾ, ಕನ್ನಡದಲ್ಲಿ, ಮೊಹರು ಸಮೇತ: ಈಕೆಯ ಗುರುತನ್ನು ಬೇರೆಯವರು ದುರುಪಯೋಗ ಮಾಡಿದ್ದಾರೆ, ಈಕೆ ದೂರುದಾರರು, ಠಾಣೆಗೆ ಬಂದ ದಿನಗಳು ಇಂತಿಂಥವು. ನಾವು ಆಟೋ ಹಿಡಿದು ಅವಳ ಕಾರ್ಖಾನೆಗೆ ಹೋದೆವು. ಅವಳು ಪತ್ರದೊಂದಿಗೆ ಒಳಗೆ ಹೋದಳು, ನಾನು ಗೇಟಿನ ಕಟ್ಟೆಯ ಮೇಲೆ ಕೂತೆ. ಹದಿನೇಳು ನಿಮಿಷ. ಹೊರಗೆ ಬಂದವಳ ಹಿಂದೆ ಸೂಪರ್‌ವೈಸರ್ ಕೂಡ ಬಂದ.

"ಬೆಳಿಗ್ಗೆ ಒಂಬತ್ತಕ್ಕೆ ಬಂದ್ಬಿಡಮ್ಮ. ನಿನ್ನ ಮಿಷನ್ ನಿಂದೇ" ಎಂದ ಅವಳಿಗೆ. ನನ್ನ ಕಡೆ ತಿರುಗಿ, "ಸಾರ್, ನೀವು ಇವರ ಸಂಬಂಧಿಕರಾ?" ಎಂದು ಕೇಳಿದ.

ನಾನು ಬಾಯಿ ತೆರೆಯುವಷ್ಟರಲ್ಲಿ ಅವಳೇ ಹೇಳಿದಳು. "ಹೂಂ ರೀ, ನಮ್ಮ ಕಾಕಾ."

ಮನೆಗೆ ಬಂದಾಗ 5.15. ಹೆಂಡತಿ ಎರಡು ಲೋಟ ಕಾಫಿ ಕೊಟ್ಟು, "ಆಯ್ತಾ?" ಎಂದಳು. "ಆಯಿತು" ಎಂದೆ. "ಅಂಗಾದ್ರೆ ಆ ಪೈಲು ತೆಗೀರಿ. ಅದು ಇನ್ನೂ ಆಗಿಲ್ಲ."

ಹೌದು, ಅದು ಬಾಕಿ ಇತ್ತು. ಆರೂ ರೂಮಿನವರನ್ನು ಕೆಲಸದಿಂದ ಬಂದ ಹಾಗೆಲ್ಲ ಅಂಗಳಕ್ಕೆ ಕರೆದೆ. ನಡೆದದ್ದನ್ನು ಮುಚ್ಚಿಡದೆ ಹೇಳಿದೆ. ಪ್ರತಿಯೊಬ್ಬರ ಮೂರು ಪ್ರತಿಗಳಲ್ಲಿ ಹೆಚ್ಚಿಗೆ ಇದ್ದದ್ದನ್ನು ಅವರ ಕೈಗೇ ಕೊಟ್ಟು ಹರಿಸಿದೆ. ಫೈಲಿಗೆ ಒಂದೇ ಉಳಿಯಿತು. ಅದರ ಮೇಲೆ ಅಡ್ಡಲಾಗಿ ಎರಡು ಗೆರೆ ಎಳೆದು, ನಡುವೆ ಏನು ಬರೆಯಬೇಕೆಂದು ಹೇಳಿ, ಪೆನ್ನು ಅವರಿಗೇ ಕೊಟ್ಟೆ.

ಕೊನೆಯವಳು ನಾಲ್ಕನೇ ರೂಮಿನವಳು. ಮೆಟ್ಟಿಲ ಮೇಲೆ ಕೂತು, ಸ್ಕೇಲು ಕೇಳಿ ಪಡೆದು, ಕಾಲರ್ ಹೊಲಿಗೆಯಷ್ಟು ನೇರವಾಗಿ ತಾನೇ ಎರಡು ಗೆರೆ ಎಳೆದಳು. ನಡುವೆ ದುಂಡಗೆ ಬರೆದಳು: ಬಾಡಿಗೆ ಮನೆಯ ಫೈಲಿಗೆ ಮಾತ್ರ, 11-7-2011. ಬಲಮೂಲೆಯ ನನ್ನ ನಾಲ್ಕನ್ನು ಒಂದು ಸಲ ನೋಡಿ, ಹಾಳೆ ನನಗೆ ಕೊಟ್ಟಳು.

ನಾನು ಅದಕ್ಕೆ ಎರಡು ತೂತು ಹೊಡೆದು, ಮೂರಕ್ಕೂ ಐದಕ್ಕೂ ನಡುವೆ ಸೇರಿಸಿ, ಬೀರುವಿಗೆ ಬೀಗ ಹಾಕಿದೆ. 7 ಗಂಟೆ 10 ನಿಮಿಷ.